80 ಕೊಟ್ಟರೆ 6, 10 ಕೊಟ್ಟರೆ 4: ಗುಜರಿಯ ನಾಕ್ಸ್ ಅನಲೈಸರ್ ಜೊತೆ ಆರು ವಾರ

ಮರಾಠಿಯಲ್ಲಿ ಗುಜರಿಗೆ ‘ಭಂಗಾರ್’ ಎನ್ನುತ್ತಾರೆ. ಕನ್ನಡದ ಬಂಗಾರಕ್ಕೂ ಅದಕ್ಕೂ ಒಂದು ಮಹಾಪ್ರಾಣದ ಅಂತರ. ಮೂವತ್ತು ವರ್ಷ ಪುಣೆಯಲ್ಲಿ ಇದ್ದರೂ ಆ ಅಂತರ ನನಗೆ ಇನ್ನೂ ಸರಿಯಾಗಿ ಕೇಳಿಸುವುದಿಲ್ಲ ಎಂದು ಮನೆಯವಳ ದೂರು. ಈ ಸಲ ಅವಳ ಮಾತಿಗೆ 40,160 ರೂಪಾಯಿಯ ಸಾಕ್ಷಿ ಇದೆ.

ನನ್ನದು ಭೋಸರಿಯಲ್ಲಿ ಉಪಕರಣ ದುರಸ್ತಿಯ ಒಂದು ಸಣ್ಣ ಮಳಿಗೆ. ತಂಗಿಯ ಮಗ ವಿಜಯಪುರದಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಕೆಮಿಕಲ್ ಡಿಪ್ಲೊಮಾ ಓದುತ್ತಿದ್ದಾನೆ, ರಜೆಯ ದಿನ ಮಳಿಗೆಗೆ ಬರುತ್ತಾನೆ. ಈ ದಿನಚರಿ ಬರೆದಿಡಲು ಹೇಳಿದವನೂ ಅವನೇ. ತಪ್ಪುಗಳನ್ನು ಬಿಡಬೇಡಿ ಎಂದು ಷರತ್ತು ಹಾಕಿದ್ದಾನೆ.

ಯಂತ್ರದ ಬಗ್ಗೆ ಎರಡು ಮಾತು ಮಾತ್ರ. ನಾಕ್ಸ್ ಎಂದರೆ ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡಕ್ಕೂ ಸೇರಿದ ಹೆಸರು. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡನ್ನು ಇದು ಬೆಳಕಿನಿಂದ ಅಳೆಯುತ್ತದೆ. ಒಂದು ಪುಟ್ಟ ಉಕ್ಕಿನ ಕೋಶದೊಳಗೆ ನೈಟ್ರಿಕ್ ಆಕ್ಸೈಡ್ ಓಝೋನನ್ನು ಸಂಧಿಸಿದರೆ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಹಾಗೆ ಹುಟ್ಟಿದ ಸುಮಾರು ಹತ್ತು ಅಣುಗಳಲ್ಲಿ ಒಂದು ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ. ಅದು ಶಾಂತವಾಗುವಾಗ 600 ನ್ಯಾನೊಮೀಟರಿನಿಂದ ಸುಮಾರು 3000ದವರೆಗೆ ಹರಡಿದ ಬೆಳಕನ್ನು ಬಿಡುತ್ತದೆ. ಬೆಳಕಿನ ಬಹುಪಾಲು 1200ರ ಆಸುಪಾಸಿನಲ್ಲಿ, ಅಂದರೆ ಕಣ್ಣಿಗೆ ಕಾಣದ ಅವಕೆಂಪಿನಲ್ಲಿರುತ್ತದೆ. ಕೋಶದ ಕಿಟಕಿಗೆ ಕೆಂಪು ಗಾಜು, ಅದರ ಹಿಂದೆ ತೀರ ಮಂದ ಬೆಳಕನ್ನೂ ವಿದ್ಯುತ್ ಸಂಕೇತವಾಗಿಸುವ ಫೋಟೋಮಲ್ಟಿಪ್ಲಯರ್ ಟ್ಯೂಬ್. ಅದನ್ನು ಮುಂದೆ ಪಿಎಂಟಿ ಎಂದೇ ಬರೆಯುತ್ತೇನೆ. ಪುಣೆಯ ಹಳಬರಿಗೆ ಪಿಎಂಟಿ ಎಂದರೆ 2007ರವರೆಗೆ ಓಡುತ್ತಿದ್ದ ನಗರ ಬಸ್ಸು. ಎರಡೂ ಒಂದೇ ಸ್ವಭಾವದವು: ಬರುತ್ತದೆಯೋ ಇಲ್ಲವೋ ಎಂದು ಕತ್ತಲಲ್ಲಿ ಕಾಯಬೇಕು.

2024 ಜುಲೈ 6, ಶನಿವಾರ

ಚಿಖಲಿಯ ಕುದಳವಾಡಿಯ ಗೋದಾಮಿನಲ್ಲಿ ಕಂಪ್ಯೂಟರ್ ಡಬ್ಬಿಗಳ ಕೆಳಗೆ ಸಿಕ್ಕಿತು. ರ‍್ಯಾಕಿನಲ್ಲಿ ಕೂರುವ ಮಾದರಿ, ಇಪ್ಪತ್ತು ವರ್ಷ ಹಳೆಯದು. ಪಂಪ್ ಬೇರೆ, ಅದೂ ಜೊತೆಗೇ ಇತ್ತು. ಗೋದಾಮಿನವನು 22,000 ಎಂದ, 14,500ಕ್ಕೆ ಮುಗಿಯಿತು. ಟೆಂಪೊಗೆ 700.

ಮುಚ್ಚಳ ತೆಗೆದಾಗ ಕಂಡದ್ದು: ಹಲ್ಲಿಯ ಮೊಟ್ಟೆಯ ಸಿಪ್ಪೆಗಳು, ಹಳದಿಯಾಗಿ ಕಡ್ಡಿಯಂತೆ ಬಿರುಸಾದ ನಳಿಕೆಗಳು, ತೇವ ಹೀರಿ ಹೀರಿ ಒಂದೂ ನೀಲಿ ಕಾಳಿಲ್ಲದೆ ಪೂರ್ತಿ ಗುಲಾಬಿಯಾಗಿದ್ದ ಸಿಲಿಕಾ ಜೆಲ್. ಪಂಪಿನ ಮುಂದಿನ ಇದ್ದಿಲಿನ ಡಬ್ಬಿಯನ್ನು ಅಲುಗಾಡಿಸಿದರೆ ಕಾಳಿನ ಸದ್ದು ಬರಲಿಲ್ಲ, ಹಿಟ್ಟಿನ ಸದ್ದು ಬಂತು. ಈ ಪಟ್ಟಿಯ ಕೊನೆಯ ಎರಡು ಸಾಲಿನಲ್ಲೇ ಇಡೀ ರೋಗ ಬರೆದಿತ್ತು. ಓದಲಿಲ್ಲ. ವಿದ್ಯುತ್ ಕೊಟ್ಟೆ, ಪರದೆ ಹೊತ್ತಿತು, ಖುಷಿಯಾಗಿ ಮನೆಗೆ ಹೋದೆ.

ಜುಲೈ 7

ಪಿಎಂಟಿ ಬೆಚ್ಚಗಿದ್ದರೆ ಬೆಳಕಿಲ್ಲದಿದ್ದರೂ ಸಂಕೇತ ಕೊಡುತ್ತದೆ, ಅದಕ್ಕಾಗಿ ಪೆಲ್ಟಿಯರ್ ಬಿಲ್ಲೆಯೊಂದು ಅದನ್ನು 7 ಡಿಗ್ರಿಗೆ ತಂಪಾಗಿಡಬೇಕು. ಪರದೆಯಲ್ಲಿ 31 ಡಿಗ್ರಿ ಇತ್ತು. ಫ್ಯಾನ್ ಸತ್ತಿತ್ತು, ಬಿಲ್ಲೆಯೂ ಸತ್ತಿತ್ತು. ಬುಧವಾರ ಪೇಟೆಯ ತಪಕೀರ ಗಲ್ಲಿಯಲ್ಲಿ 40 ಮಿ.ಮೀ. ಚೌಕದ 12706 ಮಾದರಿಯ ಬಿಲ್ಲೆ 280, ಫ್ಯಾನ್ 350, ಶಾಖದ ಪೇಸ್ಟ್ 120.

ಬಿಲ್ಲೆಯನ್ನು ಮಗುಚಿ ಕೂರಿಸಿದೆ. ತಂಪಾಗಬೇಕಿದ್ದ ಬದಿ ಕಾಯತೊಡಗಿತು. ಚಹಾ ಕುಡಿದು ಬರುವಷ್ಟರಲ್ಲಿ ಪಿಎಂಟಿಯ ಬುಡ 46 ಡಿಗ್ರಿ. ಟ್ಯೂಬನ್ನು ಹೊರತೆಗೆಯದೆ ಬಿಲ್ಲೆ ಪರೀಕ್ಷಿಸಿದ್ದು ನನ್ನ ತಪ್ಪು. ‘ಟ್ಯೂಬ್ ಆಗಲೇ ಕೆಟ್ಟಿತೇನೋ’ ಎಂಬ ಗುಮಾನಿ ತಲೆಯೊಳಗೆ ಹೊಕ್ಕದ್ದು ಅಂದೇ. ಅದರ ಬೆಲೆ ಮುಂದೆ ತೆತ್ತೆ.

ಜುಲೈ 10

ಬಿಲ್ಲೆಯನ್ನು ತಿರುಗಿಸಿ ಕೂರಿಸಿದ ಮೇಲೆ 7 ಡಿಗ್ರಿಗೆ ಇಳಿಯಿತು. ಮೂರು ದಿನಕ್ಕೆ ಹೊಸ ತೊಂದರೆ: ಕತ್ತಲಲ್ಲೂ ಸಂಕೇತ ಕುಣಿಯುತ್ತಿದೆ. ಬಿಚ್ಚಿದರೆ ಟ್ಯೂಬಿನ ಸಾಕೆಟ್ ಸುತ್ತ ನೀರ ಹನಿ. ಮಳೆಗಾಲದ ಪುಣೆಯ ಗಾಳಿ 7 ಡಿಗ್ರಿಯ ಲೋಹ ಮುಟ್ಟಿದರೆ ಬೆವರದೆ ಏನು ಮಾಡೀತು? ಆರು ನೂರು ವೋಲ್ಟಿನ ಪಕ್ಕದಲ್ಲಿ ನೀರು. ಹೇರ್ ಡ್ರೈಯರಿನ ತಣ್ಣನೆ ಗಾಳಿಯಿಂದ ಒಣಗಿಸಿ, ಗೂಡಿನೊಳಗೆ ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣ ಇಟ್ಟು, ಓ-ರಿಂಗ್ ಬದಲಿಸಿ ಮುಚ್ಚಿದೆ. ಕುಣಿತ ನಿಂತಿತು. ಟ್ಯೂಬ್ ಲೈಟಿನ ಬೆಳಕು ಕಂಡ ಪಿಎಂಟಿಗೆ ಕೂಡಲೇ ವೋಲ್ಟೇಜ್ ಕೊಡಬಾರದು, ಒಂದು ರಾತ್ರಿ ಕತ್ತಲಲ್ಲಿ ಬಿಟ್ಟೆ. ಇದೊಂದು ನಿಯಮವನ್ನು ಆರು ವಾರದಲ್ಲಿ ಒಮ್ಮೆಯೂ ಮುರಿಯಲಿಲ್ಲ, ಹಾಗಾಗಿ ಬರೆದುಕೊಳ್ಳುತ್ತಿದ್ದೇನೆ.

ಗುಲಾಬಿ ಸಿಲಿಕಾ ಜೆಲ್ಲನ್ನು ಹುರಿದರೆ ಮತ್ತೆ ನೀಲಿಯಾಗುತ್ತದೆ. ಅದನ್ನು ಮನೆಯ ರೊಟ್ಟಿ ಹಂಚಿನ ಮೇಲೆ ಹುರಿಯಲು ಹೋದೆ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಳಿಯ ಅದನ್ನು ಅತ್ತೆಗೆ ಹೇಳಿದ. ಹಂಚು ಮಳಿಗೆಗೆ ವರ್ಗವಾಗುವುದರೊಳಗೆ ನಾನೇ ವರ್ಗವಾಗುವ ಲಕ್ಷಣವಿತ್ತು. ಬೇರೆ ಬಿಸಿ ಒಲೆ 1,400, ಹೊಸ ಜೆಲ್ ಒಂದು ಕಿಲೊ 380.

ಓಝೋನ್ ಇದೆಯೇ ಎಂದು ನೋಡಲು ಪೊಟ್ಯಾಸಿಯಂ ಅಯೊಡೈಡ್ ಮತ್ತು ಗಂಜಿ ಸವರಿದ ಕಾಗದವನ್ನು ಓಝೋನ್ ಜನಕದ, ಅಂದರೆ ಗಾಳಿಯಲ್ಲಿ ಕಿಡಿ ಆಡಿಸಿ ಓಝೋನ್ ಮಾಡುವ ಭಾಗದ ಬಾಯಿಗೆ ಹಿಡಿದೆ. ನೀಲಿಯಾಯಿತು. ‘ಓಝೋನ್ ಸರಿ ಇದೆ’ ಎಂದು ಪುಸ್ತಕದಲ್ಲಿ ಬರೆದು ಟಿಕ್ ಹಾಕಿದೆ. ಆ ಟಿಕ್ ಈ ದಿನಚರಿಯ ಅತಿ ದುಬಾರಿ ಗೆರೆ.

ಜುಲೈ 14, ಭಾನುವಾರ

ಚಿಂಚ್‌ವಡದ ಗೆಳೆಯರ ಪ್ರಯೋಗಾಲಯದಿಂದ 80 ಪಿಪಿಎಂ (ಹತ್ತು ಲಕ್ಷದಲ್ಲಿ 80 ಪಾಲು) ನೈಟ್ರಿಕ್ ಆಕ್ಸೈಡಿನ ಸ್ಪ್ಯಾನ್ ಗ್ಯಾಸ್, ಅಂದರೆ ಯಂತ್ರದ ಅಂಕಿ ತಾಳೆ ನೋಡಲು ಪ್ರಮಾಣ ಗೊತ್ತಿರುವ ಅನಿಲದ ಸಿಲಿಂಡರ್, ಮತ್ತು ಒಂದು ನೈಟ್ರೋಜನ್ ಸಿಲಿಂಡರ್ ಬಾಡಿಗೆಗೆ ತಂದೆ, ಒಟ್ಟು 3,000. ಟೆಫ್ಲಾನ್ ನಳಿಕೆ ಆರು ಮೀಟರ್ 960. ಹೆಚ್ಚುವರಿ ಅನಿಲ ಟೀ ಜೋಡಣೆಯಿಂದ ಕಿಟಕಿಯ ಹೊರಗೆ. ಓಝೋನೂ ನೈಟ್ರೋಜನ್ ಡೈಆಕ್ಸೈಡೂ ಎದೆಗೆ ಒಳ್ಳೆಯದಲ್ಲ, ಬಾಗಿಲು ಮುಚ್ಚಿ ಈ ಕೆಲಸ ಮಾಡಬೇಡಿ.

ಯಂತ್ರದ ಫಲಕದಲ್ಲಿ ಅಚ್ಚಾಗಿರುವ ಹರಿವು: ಮಾದರಿ ಅನಿಲ ನಿಮಿಷಕ್ಕೆ 500 ಮಿ.ಲೀ., ಓಝೋನ್ ಗಾಳಿ 80 ಮಿ.ಲೀ. ಎರಡೂ ಸರಿ ಇದ್ದವು. ಪಿಎಂಟಿ ವೋಲ್ಟೇಜ್ 620. 80 ಪಿಪಿಎಂ ಬಿಟ್ಟೆ. ಪರದೆಯಲ್ಲಿ 6.

ಆರು! ವೋಲ್ಟೇಜನ್ನು 840ಕ್ಕೆ ಏರಿಸಿದೆ. ಅಂಕಿ ಏರಿತು, ಜೊತೆಗೆ ಕತ್ತಲೆಯ ಅಂಕಿಯೂ ಏರಿತು. ದೀಪದಲ್ಲಿ ಎಣ್ಣೆ ಇಲ್ಲದಿರುವಾಗ ಕನ್ನಡಕ ಬದಲಿಸಿದ ಹಾಗೆ. ಮರಳಿ 620ಕ್ಕೆ ತಂದೆ.

ನೈಟ್ರೋಜನ್ ಬೆರೆಸಿ, ಒಂದು ಪಾಲಿಗೆ ಏಳು ಪಾಲು, 10 ಪಿಪಿಎಂ ಮಾಡಿ ಬಿಟ್ಟೆ. ಪರದೆಯಲ್ಲಿ 4.

ಇಲ್ಲಿ ಒಂದು ಕ್ಷಣ ನಿಲ್ಲಿ. 80 ಕೊಟ್ಟರೆ 6, 10 ಕೊಟ್ಟರೆ 4. ಕಣ್ಣು ಮಬ್ಬಾಗಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಮಬ್ಬಾಗಬೇಕಿತ್ತು. ಎಂಟು ಪಟ್ಟು ಅನಿಲಕ್ಕೆ ಒಂದೂವರೆ ಪಟ್ಟು ಬೆಳಕು ಮಾತ್ರ ಎಂದರೆ ಕೊರತೆ ನೋಡುವ ಕಡೆ ಇಲ್ಲ, ಹುಟ್ಟುವ ಕಡೆ ಇದೆ. ಇಷ್ಟು ಸರಳವಾದ ಸುಳಿವನ್ನು ನಾನು ‘ಆಂಪ್ಲಿಫಯರ್ ಎಲ್ಲೋ ತುಂಬಿ ನಿಲ್ಲುತ್ತಿದೆ’ ಎಂದು ಓದಿದೆ. ಮೂವತ್ತು ವರ್ಷ ಸರ್ಕಿಟ್ ಬೋರ್ಡು ನೋಡಿದವನಿಗೆ ಎಲ್ಲ ರೋಗವೂ ಬೋರ್ಡಿನಲ್ಲೇ ಕಾಣುತ್ತದೆ. ಎರಡು ಸಂಜೆ ಬೆಸುಗೆ ಹಾಕಿ ಮೂರು ಕೆಪಾಸಿಟರ್ ಬದಲಿಸಿದೆ, ಪೆಟ್ಟಿಗೆಯಲ್ಲಿದ್ದವು, ಖರ್ಚಿಲ್ಲ. ಅಂಕಿ ಅಲುಗಲಿಲ್ಲ.

ಜುಲೈ 17, ಆಷಾಢ ಏಕಾದಶಿ

ಉಪವಾಸದ ಸಾಬುದಾಣೆ ಖಿಚಡಿ ಕಟ್ಟಿಸಿಕೊಂಡು ಅಳಿಯನೂ ಬಂದ. ಎರಡು ಅಂಕಿ ನೋಡಿ, ಟಿಕ್ ನೋಡಿ, ಕೇಳಿದ: “ಮಾಮಾ, ಓಝೋನ್ ಎಷ್ಟಿದೆ ಎಂದು ನೋಡಿದಿರಾ?”

ನೋಡಿರಲಿಲ್ಲ. ಕಾಗದ ‘ಇದೆ’ ಎಂದಿತ್ತು, ಅಷ್ಟೇ.

ಜುಲೈ 20 ಮತ್ತು 21

ಇದು ಅವನ ಕೆಲಸ, ನಾನು ಕೈಯಾಳು. ಯಂತ್ರದಿಂದ ಓಝೋನ್ ಜನಕವನ್ನು ಬೇರ್ಪಡಿಸಿ, ಮೀನಿನ ತೊಟ್ಟಿಯ ಪಂಪಿನಿಂದ ಗಾಳಿಯನ್ನು ಹೊಸ ಸಿಲಿಕಾ ಜೆಲ್ ಮೂಲಕ ಹಾಯಿಸಿ, ಸೂಜಿ ಕವಾಟದಿಂದ ನಿಮಿಷಕ್ಕೆ 80 ಮಿ.ಲೀ.ಗೆ ನಿಲ್ಲಿಸಿದೆವು. ಹೊರಬಂದ ಗಾಳಿಯನ್ನು ಎರಡು ಪ್ರತಿಶತ ಪೊಟ್ಯಾಸಿಯಂ ಅಯೊಡೈಡ್ ದ್ರಾವಣದಲ್ಲಿ, ಒಂದರ ಹಿಂದೆ ಒಂದು ಎರಡು ಬಾಟಲಿಗಳಲ್ಲಿ, ಗುಳ್ಳೆಯಾಗಿ ಬಿಡುವುದು. ಓಝೋನ್ ಅಯೊಡಿನ್ನನ್ನು ಬಿಡಿಸುತ್ತದೆ. ಬಳಿಕ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹಾಕಿ, 0.01 ನಾರ್ಮಲ್ ಹೈಪೊ (ಸೋಡಿಯಂ ಥಯೊಸಲ್ಫೇಟ್) ಹನಿಹನಿಯಾಗಿ ಬಿಟ್ಟು ಅಯೊಡಿನ್ ಎಷ್ಟಿದೆ ಎಂದು ಅಳೆಯುವ ಟೈಟ್ರೇಶನ್, ಬಣ್ಣ ತೆಳು ಹಳದಿಗೆ ಬಂದಾಗ ಗಂಜಿ. ರಾಸಾಯನಿಕಗಳಿಗೆ 650, ಬ್ಯುರೆಟ್ ಕಡ ತಂದದ್ದು.

ಜನಕದಿಂದ ಬಾಟಲಿಗೆ ಹೋಗುವ ಜಾಗದಲ್ಲಿ ನಾನು ಮೀನಿನ ತೊಟ್ಟಿಯ ರಬ್ಬರ್ ನಳಿಕೆಯ ಒಂದು ಗೇಣು ಬಳಸಿದ್ದೆ. ಶನಿವಾರ ಕೂರಿಸಿದ್ದು ಭಾನುವಾರ ಬೆಳಿಗ್ಗೆ ಬಾಗಿದ ಕಡೆಯೆಲ್ಲ ಒಣ ಕೆರೆಯ ಮಣ್ಣಿನಂತೆ ಬಿರಿದಿತ್ತು. ರಬ್ಬರಿಗೆ ಓಝೋನ್ ಆಗದು. ಟೆಫ್ಲಾನ್ ಹಾಕಿ ಮೊದಲಿನಿಂದ ಶುರು. ಈ ಬಿರುಕನ್ನು ನೋಡಿಯೂ ನನಗೆ ಪಂಪಿನ ನೆನಪು ಬರಲಿಲ್ಲ, ಅದನ್ನೂ ಬರೆದಿಡುತ್ತೇನೆ.

ಅರ್ಧ ಗಂಟೆ ಗುಳ್ಳೆ ಬಿಟ್ಟರೂ ಹೈಪೊ ಹಿಡಿದದ್ದು 1.8 ಮಿ.ಲೀ. ಮಾತ್ರ. ಲೆಕ್ಕ ಹಾಕಿದರೆ ಆ ಗಾಳಿಯಲ್ಲಿ ಓಝೋನ್ 92 ಪಿಪಿಎಂ. ಮಾದರಿ ಅನಿಲದ ಜೊತೆ ಬೆರೆತ ಮೇಲೆ ಕೋಶದೊಳಗೆ ಉಳಿಯುವುದು ಸುಮಾರು 13 ಪಿಪಿಎಂ. ಅದೇ ಕೋಶಕ್ಕೆ ನಾನು ತಳ್ಳುತ್ತಿದ್ದ ನೈಟ್ರಿಕ್ ಆಕ್ಸೈಡ್ 69 ಪಿಪಿಎಂ! ಅರವತ್ತೊಂಬತ್ತು ಜನ ಪಂಕ್ತಿಗೆ ಕೂತಿದ್ದಾರೆ, ಎಲೆ ಹದಿಮೂರು. 10 ಪಿಪಿಎಂ ಕೊಟ್ಟಾಗ ಬರುವವರು ಒಂಬತ್ತು ಜನ ಮಾತ್ರ, ಎಲೆ ಸಾಕಾಗುತ್ತದೆ. ಹೀಗಾಗಿ 80ಕ್ಕೆ 6, 10ಕ್ಕೆ 4.

ಜನಕ ಬಿಚ್ಚಿದೆ. (ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿ, ತಂತಿಯನ್ನು ನೆಲಕ್ಕೆ ಮುಟ್ಟಿಸಿದ ಮೇಲೆ.) ಗಾಜಿನ ನಳಿಗೆ ಮತ್ತು ಒಳಗಿನ ಉಕ್ಕಿನ ಕಡ್ಡಿಗೆ ನಡುವೆ ಹಸಿರು ಕಂದು ಲೋಳೆ. ಲಿಟ್ಮಸ್ ತಕ್ಷಣ ಕೆಂಪು. ಒದ್ದೆ ಗಾಳಿಯಲ್ಲಿ ಕಿಡಿ ಆಡಿಸಿದರೆ ಓಝೋನಿನ ಬದಲು ನೈಟ್ರಿಕ್ ಆಮ್ಲ ಕೂಡುತ್ತದೆ. ಗುಲಾಬಿ ಸಿಲಿಕಾ ಜೆಲ್ ಎಷ್ಟು ಮಳೆಗಾಲ ಹಾಗೆಯೇ ಕೂತಿತ್ತೋ! ಬಟ್ಟಿ ಇಳಿಸಿದ ನೀರಿನಿಂದ ಐದು ಸಲ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಇಡೀ ರಾತ್ರಿ ಒಣ ಗಾಳಿ ಹಾಯಿಸಿದೆ. ಆಲ್ಕೊಹಾಲಿನ ವಾಸನೆ ಪೂರ್ತಿ ಹೋಗುವವರೆಗೆ ಕಿಡಿ ಕೊಡಬಾರದು, ಕಾರಣ ಹೇಳಬೇಕಿಲ್ಲ. ವೈಟಾನ್ ಓ-ರಿಂಗ್‌ಗಳಿಗೆ 420. ಕೋಶದ ಕಿಟಕಿಯನ್ನೂ ಅದೇ ಕ್ರಮದಲ್ಲಿ ಒರೆಸಿದೆ, ಬರಿಗೈಯಲ್ಲಿ ಮುಟ್ಟದೆ.

ಮತ್ತೆ ಟೈಟ್ರೇಶನ್: ಈ ಸಲ ಹತ್ತೇ ನಿಮಿಷಕ್ಕೆ 29 ಮಿ.ಲೀ. ಓಝೋನ್ 0.44 ಪ್ರತಿಶತ. ಸುಮಾರು ಐವತ್ತು ಪಟ್ಟು. ಹುಡುಗ ಬ್ಯುರೆಟ್ ಹಿಡಿದೇ ಶಿಳ್ಳೆ ಹಾಕಿದ.

ಜುಲೈ 22

80 ಕೊಟ್ಟರೆ 33. 10 ಕೊಟ್ಟರೆ 4.

ಹತ್ತರ ಅಂಕಿ ಕದಲಲಿಲ್ಲ ಎಂಬುದನ್ನು ಗಮನಿಸಿ. ಈಗ ಪ್ರಮಾಣ ಸರಿಯಾಗಿದೆ, ಎಂಟು ಪಟ್ಟಿಗೆ ಎಂಟು ಪಟ್ಟು. ಆದರೆ ಎರಡೂ ಇರಬೇಕಾದ್ದಕ್ಕಿಂತ ಎರಡೂಕಾಲು, ಎರಡೂವರೆ ಪಟ್ಟು ಕಡಿಮೆ. ಅಂದರೆ ಎರಡನೇ ರೋಗವೊಂದು ಇದೆ, ಅದು ಎಲ್ಲ ಅಂಕಿಯನ್ನೂ ಒಂದೇ ಸಮ ಕುಗ್ಗಿಸುತ್ತಿದೆ.

‘ಕಣ್ಣು ಮಬ್ಬಾಗಿದೆ’ ಎಂದು ಇಲ್ಲಿ ಅಂದುಕೊಳ್ಳುವುದು ತರ್ಕಕ್ಕೆ ವಿರುದ್ಧವೇನಲ್ಲ. 46 ಡಿಗ್ರಿಯ ಪಾಪ ಬೇರೆ ಮನಸ್ಸಿನಲ್ಲಿತ್ತು. ಮುಂಬಯಿಯ ವ್ಯಾಪಾರಿಯೊಬ್ಬರಲ್ಲಿ ಅದೇ ಅಳತೆಯ, ಅದೇ ಪಿನ್ನಿನ ಪಿಎಂಟಿ ಇತ್ತು. 11,000 ಕಳಿಸಿದೆ. ಅನುಮಾನ ಪರಿಹರಿಸಿಕೊಳ್ಳಲು ಒಂದು ಒತ್ತಡದ ಮಾಪಕ 850ಕ್ಕೆ ಸಿಗುತ್ತದೆ ಎಂಬುದು ಆ ದಿನ ಹೊಳೆಯಲಿಲ್ಲ.

ಜುಲೈ 24

ಟ್ಯೂಬ್ ಬಂತು. ಒಂದು ರಾತ್ರಿ ಕತ್ತಲಲ್ಲಿಡುವ ತಾಳ್ಮೆ ಇಟ್ಟುಕೊಂಡು ಮಾರನೆಯ ಬೆಳಿಗ್ಗೆ ನೋಡೋಣ ಎಂದೆ.

ಜುಲೈ 25

ಪುಣೆಯಲ್ಲಿದ್ದವರಿಗೆ ಈ ದಿನಾಂಕ ನೆನಪಿರುತ್ತದೆ. ರಾತ್ರಿಯಿಡೀ ಮಳೆ, ಖಡಕ್‌ವಾಸ್ಲಾದಿಂದ ನೀರು ಬಿಟ್ಟರು, ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ಮುಠಾ ನದಿ ನುಗ್ಗಿತು. ನಮ್ಮ ಕಡೆ ನೀರು ಬರಲಿಲ್ಲ, ವಿದ್ಯುತ್ ಹೋಯಿತು. ಮಳಿಗೆ ಇಲ್ಲ. ಅಡುಗೆಮನೆಯ ಕತ್ತಲಲ್ಲಿ ಕುಳಿತೆವು.

ಅಳಿಯನಿಗೆ ಮೊದಲ ದಿನದಿಂದ ಒಂದೇ ಕೊರಗು: ಇಷ್ಟೆಲ್ಲ ಮಾಡಿದರೂ ಆ ಬೆಳಕನ್ನು ಯಾರೂ ನೋಡಿಲ್ಲ. ಒಲೆಯ ಕಡೆ ತೋರಿಸಿದೆ. ಮೇಣದಬತ್ತಿಯ ಹಳದಿ ಕಾದ ಮಸಿಯದು. ಒಲೆಯ ನೀಲಿಯಲ್ಲಿ ಮಸಿ ಇಲ್ಲ. ಇಂಧನ ಮುರಿಯುವಾಗ ಹುಟ್ಟುವ, ಒಂದು ಇಂಗಾಲ ಒಂದು ಜಲಜನಕದ ತುಣುಕು ಉದ್ರಿಕ್ತವಾಗಿಯೇ ಹುಟ್ಟಿ 431 ನ್ಯಾನೊಮೀಟರಿನಲ್ಲಿ ನೀಲಿ ಬಿಡುತ್ತದೆ, ಎರಡು ಇಂಗಾಲದ ಜೋಡಿ 516ರಲ್ಲಿ ಹಸಿರು ಬಿಡುತ್ತದೆ. ನಮ್ಮ ಕೋಶದಲ್ಲಿ ನಡೆಯುವುದೂ ಅದೇ ಜಾತಿಯ ವ್ಯವಹಾರ, ಕಾವು ಬೇಕಿಲ್ಲ, ಅಷ್ಟೇ.

“ಹಾಗಾದರೆ ಅದೇಕೆ ನೀಲಿಯಲ್ಲ?” ಎಂದ. ಅಲ್ಲಿ ಸಿಗುವ ಶಕ್ತಿ ಒಂದು ಮೋಲಿಗೆ 200 ಕಿಲೊಜೂಲ್ ಮಾತ್ರ, ಅದು 600 ನ್ಯಾನೊಮೀಟರಿನ ಬೆಳಕಿನ ಬೆಲೆ. ಜೇಬಿನಲ್ಲಿ ಅಷ್ಟೇ ಇದ್ದರೆ ನೀಲಿ ಕೊಳ್ಳಲಾಗುವುದಿಲ್ಲ. ಹೇಳುತ್ತ ಹೇಳುತ್ತ ನನ್ನ ಬಾಯಿ ತಾನೇ ನಿಂತಿತು. ಮೊಬೈಲ್ ಬೆಳಕಿನಲ್ಲಿ ಹೊಸ ಟ್ಯೂಬಿನ ಮೇಲಿನ ಸಂಖ್ಯೆಯ ಫೋಟೊ ತೆಗೆದು ನೋಡಿದೆ. ಬೈಆಲ್ಕಲಿ ಲೇಪದ ಟ್ಯೂಬ್. ನೀಲಿಯಲ್ಲಿ ಚುರುಕು, 650 ದಾಟಿದರೆ ಕುರುಡು. ನಮ್ಮ ಬೆಳಕು ಶುರುವಾಗುವುದೇ 600ಕ್ಕೆ, ಅದಕ್ಕೂ ಮುಂಚಿನದನ್ನೆಲ್ಲ ಕೆಂಪು ಗಾಜು ತಡೆಯುತ್ತದೆ. ನನಗೆ ಬೇಕಿದ್ದದ್ದು ಕೆಂಪನ್ನೂ ಕಾಣುವ ಮಲ್ಟಿಆಲ್ಕಲಿ ಟ್ಯೂಬು. ಅಳತೆ ಕೇಳಿದೆ, ಪಿನ್ ಕೇಳಿದೆ, ಯಾವ ಬಣ್ಣ ಕಾಣುತ್ತದೆ ಎಂದು ಕೇಳಲಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ.

ಎರಡು ದಿನದ ಮೇಲೆ ವಿದ್ಯುತ್ ಬಂದಾಗ ಹಠಕ್ಕೆ ಹಾಕಿ ನೋಡಿದೆ. 80 ಪಿಪಿಎಂಗೆ ಸೊನ್ನೆ. ಹಳೆಯ ಟ್ಯೂಬನ್ನು ವಾಪಸ್ ಕೂರಿಸಿದೆ. 33.

ಜುಲೈ 27 ಮತ್ತು 28

ವಿದ್ಯುತ್ ಇಲ್ಲದ ದಿನ ಕೈಪಿಡಿಯನ್ನು ಮೊದಲ ಪುಟದಿಂದ ಓದಿದ್ದೆ. ಕೋಶದ ಒತ್ತಡ 254 ಮಿ.ಮೀ. ಪಾದರಸಕ್ಕಿಂತ ಕೆಳಗಿರಬೇಕು ಎಂದಿತ್ತು. ನಿರ್ವಾತ ಮಾಪಕ 850ಕ್ಕೆ ಬೋಹರಿ ಆಳಿಯಲ್ಲಿ.

ಮಾಪಕ ತೋರಿಸಿದ್ದು 260. ‘ಸರಿ ಇದೆಯಲ್ಲ’ ಎಂದು ಅರ್ಧ ನಿಮಿಷ ಬೀಗಿದೆ. ಆ ಮಾಪಕ ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂದು ಹೇಳುತ್ತದೆ, ಒಳಗೆ ಎಷ್ಟಿದೆ ಎಂದು ಹೇಳುವುದಿಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಇಲ್ಲಿನ ಗಾಳಿಯೇ 710ರ ಸುಮಾರು. 710ರಲ್ಲಿ 260 ಕಳೆದರೆ ಕೋಶದೊಳಗೆ 450.

ಎರಡನೇ ರೋಗ ಇದೇ. ಉದ್ರಿಕ್ತ ಅಣುವಿಗೆ ಬೆಳಕು ಬಿಡಲು ಹತ್ತಾರು ಮೈಕ್ರೊಸೆಕೆಂಡು ಬೇಕು. ಅಷ್ಟರಲ್ಲಿ ಸುತ್ತಲಿನ ನೈಟ್ರೋಜನ್, ಆಕ್ಸಿಜನ್ ಅಣುಗಳು ಸಾವಿರಾರು ಸಲ ಢಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಾವಾಗಿ ಕಸಿಯುತ್ತವೆ. ಕೋಶದಲ್ಲಿ ಗಾಳಿ ಹೆಚ್ಚಿದಷ್ಟೂ ಕಸಿಯುವವರು ಹೆಚ್ಚು. ಪಂಪ್ ಇರುವುದೇ ಆ ಗುಂಪನ್ನು ಚದುರಿಸಲು. ಇಷ್ಟು ದಿನ ಅದು ಬರೀ ಅನಿಲ ಎಳೆಯಲು ಇದೆ ಎಂದು ತಿಳಿದಿದ್ದೆ. ಹರಿವು ಸರಿ ಕಂಡದ್ದರಿಂದ ಪಂಪಿಗೆ ಕೈ ಹಾಕಿರಲಿಲ್ಲ. ಹರಿವನ್ನು ಒಂದೇ ಮಟ್ಟದಲ್ಲಿ ಇಡುವ ಸೂಕ್ಷ್ಮ ರಂಧ್ರದ ಆಚೆಯ ಒತ್ತಡ ಈಚೆಯದರ ಸುಮಾರು ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ ಹರಿವು ಏರಿಳಿಯದೆ ಇರುತ್ತದೆ. 450 ಅರ್ಧಕ್ಕಿಂತ ಮೇಲೆ. ಅಂಕಿ ಮಧ್ಯಾಹ್ನಕ್ಕೊಂದು ಸಂಜೆಗೊಂದು ಎನ್ನುವಂತೆ ಜಾರುತ್ತಿದ್ದದ್ದೂ ಇದರಿಂದಲೇ.

ಪಂಪ್ ಬಿಚ್ಚಿದರೆ ಡಯಾಫ್ರಾಮಿನ ಅಂಚು ಸುತ್ತ ಬಿರುಕು, ಕವಾಟದ ನಾಲಗೆ ಒಂದು ಅರ್ಧ ಹರಿದಿದೆ. ಬಿರುಕಿನ ನಮೂನೆ ಮೀನಿನ ತೊಟ್ಟಿಯ ನಳಿಕೆಯದೇ. ಇದ್ದಿಲು ಓಝೋನನ್ನು ತಿಂದು ಪಂಪನ್ನು ಕಾಯಬೇಕಿತ್ತು. ಇದ್ದಿಲು ಹಿಟ್ಟಾದ ಮೇಲೆ ಓಝೋನ್ ಪಂಪನ್ನು ತಿಂದಿತು. ಮೊದಲ ದಿನ ಅಲುಗಾಡಿಸಿ ಕೇಳಿದ್ದ ಸದ್ದು.

ಭೋಸರಿಯಲ್ಲಿ ರಬ್ಬರ್ ಹಾಳೆಯಿಂದ ಡಯಾಫ್ರಾಮ್ ಕತ್ತರಿಸಿಕೊಡುತ್ತಾರೆ, 300. ಎರಡು ಗಂಟೆ ಬಾಳಿತು. ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾಗಿತ್ತು, ಮೋಟಾರ್ ಕಾದು ನಾತ ಬಂತು. ಕಂಪನಿಯದೇ ಕಿಟ್ 4,800, ಒಂದು ವಾರ.

ಆಗಸ್ಟ್ 3

ಕಿಟ್ ಹಾಕಿದೆ. ಡಬ್ಬಿಗೆ ಹೊಸ ಇದ್ದಿಲು, 450, ಎರಡೂ ತುದಿಗೆ ಗಾಜಿನ ಉಣ್ಣೆ, ಹಿಟ್ಟು ಪಂಪಿಗೆ ಹೋಗದಂತೆ. ಮಾಪಕ 520. ಕೋಶದೊಳಗೆ 190.

80 ಕೊಟ್ಟೆ. 74, 75, 76. ನಿಂತಿತು.

ಸ್ಪ್ಯಾನ್ ಹೊಂದಿಸಿ 80ಕ್ಕೆ ತಂದೆ. ಆಮೇಲೆ ನಲವತ್ತಕ್ಕೆ 39.5, ಹತ್ತಕ್ಕೆ 9.8. ಪಿಎಂಟಿ ಹಳೆಯದೇ, 620 ವೋಲ್ಟೇ. ಅದಕ್ಕೆ ಏನೂ ಆಗಿರಲಿಲ್ಲ.

ಆಗಸ್ಟ್ 15

ರಜೆ. ಅಳಿಯನ ಕೊರಗು ತೀರಿಸುವ ದಿನ. ಪಿಎಂಟಿ ತೆಗೆದು, ಕೆಂಪು ಗಾಜು ಹಾಗೇ ಇಟ್ಟು, ರಾತ್ರಿ ದೀಪ ಆರಿಸಿ, ಇಪ್ಪತ್ತು ನಿಮಿಷ ಕತ್ತಲಿಗೆ ಕಣ್ಣು ಒಗ್ಗಿಸಿಕೊಂಡು ಕಿಟಕಿಗೆ ಕಣ್ಣಿಟ್ಟೆವು. ಏನೂ ಇಲ್ಲ. ಮೊಬೈಲ್ ಕ್ಯಾಮೆರಾ ಮೂವತ್ತು ಸೆಕೆಂಡು ತೆರೆದಿಟ್ಟೆವು, ಅದೂ ಕಪ್ಪು. ಅದರೊಳಗೆ ಅವಕೆಂಪು ತಡೆಯುವ ಗಾಜು ಇರುತ್ತದೆ ಎಂದು ಹುಡುಗ ಹೇಳಿದ. ಹಳೆಯ ವೆಬ್‌ಕ್ಯಾಮ್ ಒಂದನ್ನು ಬಿಚ್ಚಿ ಆ ಗಾಜಿನ ಚೂರನ್ನು ಬ್ಲೇಡಿನಿಂದ ಎತ್ತಿದ. ಮೊದಲನೆಯದರಲ್ಲಿ ಸೆನ್ಸರಿಗೇ ಗೀರು ಬಿತ್ತು, ಎರಡನೆಯದು ಉಳಿಯಿತು.

80 ಪಿಪಿಎಂ ಬಿಟ್ಟು ಇನ್ನೂರು ಚಿತ್ರ, ಬರೀ ನೈಟ್ರೋಜನ್ ಬಿಟ್ಟು ಇನ್ನೂರು ಚಿತ್ರ. ಮೊದಲಿನವನ್ನು ಕೂಡಿಸಿ ಎರಡನೆಯವನ್ನು ಕಳೆದ. ಕಪ್ಪು ಪರದೆಯ ನಡುವೆ, ಎರಡು ನಳಿಕೆಗಳ ಬಾಯಿ ಕೂಡುವ ಜಾಗದಲ್ಲಿ, ವಿಭೂತಿ ಒರೆಸಿದಂಥ ಬೂದು ಮಚ್ಚೆ. ಅನಿಲ ನಿಲ್ಲಿಸಿ ಮತ್ತೊಮ್ಮೆ ಮಾಡಿದ. ಮಚ್ಚೆ ಇಲ್ಲ. ಬಿಟ್ಟು ಮಾಡಿದ. ಇದೆ. ಊರಿಗೆ ಫೋನ್ ಮಾಡಿ ತಂಗಿಗೆ ಅದನ್ನು ವರ್ಣಿಸುವುದು ಕೇಳಿಸಿತು, ಅವಳಿಗೆ ಏನು ಅರ್ಥವಾಯಿತೋ.

ಆಗಸ್ಟ್ 18: ಇಲ್ಲಿ ಸಿಕ್ಕಿಕೊಂಡಿದ್ದೇನೆ

ಈ ಯಂತ್ರ ನೈಟ್ರಿಕ್ ಆಕ್ಸೈಡಿನ ಬೆಳಕನ್ನು ಮಾತ್ರ ಕಾಣಬಲ್ಲದು. ಹೊಗೆಯಲ್ಲಿ ಮೊದಲೇ ಇರುವ ನೈಟ್ರೋಜನ್ ಡೈಆಕ್ಸೈಡನ್ನು 315 ಡಿಗ್ರಿಗೆ ಕಾದ ಮಾಲಿಬ್ಡಿನಮ್ ತುಂಬಿದ ಕೊಳವೆ ನೈಟ್ರಿಕ್ ಆಕ್ಸೈಡಾಗಿ ಮಾರ್ಪಡಿಸಬೇಕು. ಅದನ್ನು ಪರೀಕ್ಷಿಸಲು ಅದೇ ಪ್ರತಿಕ್ರಿಯೆಯನ್ನೇ ಬಳಸಿದೆ: ಸ್ಪ್ಯಾನ್ ಗ್ಯಾಸಿಗೆ ಹೊರಗಿನಿಂದಲೇ ಸ್ವಲ್ಪ ಓಝೋನ್ ಬೆರೆಸಿ, 80ರಲ್ಲಿ 40 ಪಾಲನ್ನು ಡೈಆಕ್ಸೈಡ್ ಮಾಡಿದೆ. ಕೊಳವೆ ಸರಿ ಇದ್ದರೆ ಒಟ್ಟು ಅಂಕಿ 80ರಲ್ಲೇ ನಿಲ್ಲಬೇಕು. 72ಕ್ಕೆ ಇಳಿಯಿತು. ನಲವತ್ತರಲ್ಲಿ ಎಂಟು ಕಳೆದುಹೋದವು, ಅಂದರೆ ಕೊಳವೆ ಮಾರ್ಪಡಿಸಿದ್ದು ಎಂಬತ್ತು ಪ್ರತಿಶತ ಮಾತ್ರ. ಕನಿಷ್ಠ 96 ಬೇಕು. ಮಾಲಿಬ್ಡಿನಮ್ ಸವೆದಿದೆ. ಕಾವನ್ನು 340ಕ್ಕೆ ಏರಿಸಿ ನೋಡಿದೆ, 83 ಆಯಿತು, ಅಷ್ಟಕ್ಕೇ ನಿಂತಿತು. ಹೊಸ ಕೊಳವೆಯ ಬೆಲೆ ಕೇಳಿ ಫೋನ್ ಇಟ್ಟೆ.

ಸದ್ಯಕ್ಕೆ ಬರೀ ನೈಟ್ರಿಕ್ ಆಕ್ಸೈಡ್ ಸಾಕು ಎನ್ನುವವರಿಗೆ ಯಂತ್ರ ಬಾಡಿಗೆಗೆ ಇದೆ. ಸಿಲಿಕಾ ಜೆಲ್ ಬಣ್ಣ ದಿನವೂ ನೋಡುತ್ತೇನೆ, ಇದ್ದಿಲಿನ ಡಬ್ಬಿಯ ಮೇಲೆ ತುಂಬಿದ ದಿನಾಂಕ ಬರೆದು ಅಂಟಿಸಿದ್ದೇನೆ, ಒತ್ತಡದ ಮಾಪಕವನ್ನು ಮುಂದಿನ ಫಲಕಕ್ಕೇ ಕೊರೆದು ಕೂರಿಸಿದ್ದೇನೆ.

ಬೈಆಲ್ಕಲಿ ಟ್ಯೂಬ್ ಕಪಾಟಿನಲ್ಲಿ ಕರಿ ಬಟ್ಟೆ ಸುತ್ತಿಕೊಂಡು ಕೂತಿದೆ, ಒಳ್ಳೆಯ ಸ್ಥಿತಿಯಲ್ಲಿದೆ. ಎಥಿಲೀನ್ ಮತ್ತು ಓಝೋನ್ ಸೇರಿದಾಗ ಬರುವ ಬೆಳಕು ನೀಲಿ. ಆ ಬೆಳಕಿನಿಂದ ಓಝೋನ್ ಅಳೆಯುವ ಹಳೆಯ ಯಂತ್ರ ಯಾರ ಬಳಿಯಾದರೂ ಇದ್ದರೆ ಅದಕ್ಕೆ ಇದು ಹೊಂದುತ್ತದೆ. 8,000ಕ್ಕೆ ಕೊಡುತ್ತೇನೆ. ಕೊಳ್ಳುವ ಮುಂಚೆ ಸಂಖ್ಯೆ ಕೇಳಿ.